ದೂರದಿಂದ ಕಂಪ್ಯೂಟರ್ ಆನ್ ಮಾಡೋದು: ಊರಿನ ಪಿಸಿ ಏಳದಿದ್ದರೆ ಎಲ್ಲಿಂದ ಹುಡುಕಬೇಕು

ಹಾಸನ, ಸಕಲೇಶಪುರ, ಮೂಡಿಗೆರೆ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. ತೋಟದ ಆಫೀಸಿನಲ್ಲೋ ಪೇಟೆಯ ಅಂಗಡಿಯಲ್ಲೋ ಒಂದು ಡೆಸ್ಕ್‌ಟಾಪ್ ಇರುತ್ತದೆ. ಟ್ಯಾಲಿ ಲೆಕ್ಕ, ಆಳುಗಳ ಹಾಜರಿ, ಕಾಫಿ ಮೆಣಸು ಮಾರಿದ ಬಿಲ್ಲು ಎಲ್ಲ ಅದರೊಳಗೇ. ಲೆಕ್ಕ ನೋಡುವವರು ಮಾತ್ರ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುತ್ತಾರೆ. ದಿನವಿಡೀ ಪಿಸಿ ಓಡಿಸೋದು ಬೇಡ, ಬೇಕಾದಾಗ ಇಲ್ಲಿಂದಲೇ ಆನ್ ಮಾಡಿ, ಕೆಲಸ ಮುಗಿಸಿ ಆಫ್ ಮಾಡೋಣ ಅಂತ ವೇಕ್ ಆನ್ ಲ್ಯಾನ್, ಅಂದರೆ ನೆಟ್‌ವರ್ಕ್ ಮೂಲಕ ಪಿಸಿ ಎಬ್ಬಿಸುವ ವ್ಯವಸ್ಥೆ, ಸೆಟ್ ಮಾಡುತ್ತಾರೆ. ಆಮೇಲೆ ಪ್ರಶ್ನೆ ಬರುತ್ತದೆ: "ಎಲ್ಲಾ ಆನ್ ಮಾಡಿದೀನಿ, ಆದ್ರೂ ಪಿಸಿ ಏಳ್ತಾನೇ ಇಲ್ಲ, ಯಾಕೆ?"

ಕಾರಣ ಹತ್ತು ಇರಬಹುದು. ಆದರೆ ಹುಡುಕುವ ಕ್ರಮ ಒಂದೇ. ಬಹಳ ಜನ ಬೆಂಗಳೂರಿನಲ್ಲಿ ಕೂತು ಮೊಬೈಲಿನಿಂದ ಮೊದಲ ಪ್ರಯತ್ನ ಮಾಡುತ್ತಾರೆ, ಆಗದಿದ್ದಾಗ ರೌಟರ್, ಬಯೋಸ್, ವಿಂಡೋಸ್ ಮೂರರಲ್ಲೂ ಒಂದೇ ದಿನ ಕೈಯಾಡಿಸುತ್ತಾರೆ, ಆಮೇಲೆ ಯಾವುದು ಸರಿ ಇತ್ತು ಯಾವುದು ಕೆಟ್ಟಿತು ಅಂತ ಅವರಿಗೇ ಗೊತ್ತಾಗೋದಿಲ್ಲ. ಹಾಗೆ ಮಾಡಬೇಡಿ. ಪಿಸಿಯ ಪಕ್ಕದಿಂದ ಶುರು ಮಾಡಿ, ಒಂದೊಂದೇ ಹೆಜ್ಜೆ ಹೊರಗೆ ಬನ್ನಿ. ಕೆಳಗಿನ ಹಂತಗಳಲ್ಲಿ ಒಂದು ಪಾಸಾಗದೆ ಮುಂದಿನದಕ್ಕೆ ಹೋಗಬೇಡಿ. ಇದಕ್ಕೆ ಒಂದು ಸಲ ಊರಿಗೆ ಹೋಗಿ ಪಿಸಿ ಮುಂದೆ ಕೂರಲೇಬೇಕು, ಅರ್ಧ ದಿನ ಬಿಡುವು ಇಟ್ಟುಕೊಂಡು ಹೋಗಿ.

ಇದು ಕೆಲಸ ಮಾಡೋದು ಹೇಗೆ

ಪಿಸಿ ಶಟ್‌ಡೌನ್ ಆದ ಮೇಲೂ, ಗೋಡೆಯ ಸ್ವಿಚ್ ಆನ್ ಇರುವ ತನಕ ಮದರ್‌ಬೋರ್ಡಿಗೆ 5 ವೋಲ್ಟಿನ ಸಣ್ಣ ಸ್ಟ್ಯಾಂಡ್‌ಬೈ ಕರೆಂಟ್ ಹೋಗುತ್ತಲೇ ಇರುತ್ತದೆ. ಅದನ್ನು ಕೊಡೋದು ಎಸ್‌ಎಂಪಿಎಸ್, ಅಂದರೆ ಕ್ಯಾಬಿನೆಟ್ ಒಳಗಿನ ಪವರ್ ಸಪ್ಲೈ ಡಬ್ಬಿ. ಆ ಕರೆಂಟಿನಲ್ಲಿ ಲ್ಯಾನ್ ಕಾರ್ಡ್ ಅರೆ ಎಚ್ಚರದಲ್ಲಿದ್ದು, ಕೇಬಲ್ಲಿನಲ್ಲಿ ಬರುವ ಒಂದು ನಿರ್ದಿಷ್ಟ ಸಂದೇಶಕ್ಕೆ ಕಾಯುತ್ತದೆ. ಅದರ ಹೆಸರು ಮ್ಯಾಜಿಕ್ ಪ್ಯಾಕೆಟ್. ಎಎಂಡಿ ಕಂಪನಿ 1995ರಲ್ಲಿ ಅದರ ವಿವರ ಪ್ರಕಟಿಸಿತು, ಇವತ್ತಿಗೂ ರೂಪ ಬದಲಾಗಿಲ್ಲ. ಮೊದಲು 6 ಬೈಟ್ ಪೂರ್ತಿ ಎಫ್‌ಎಫ್, ಆಮೇಲೆ ನಿಮ್ಮ ಲ್ಯಾನ್ ಕಾರ್ಡಿನ ಮ್ಯಾಕ್ ವಿಳಾಸ 16 ಸಲ. ಒಟ್ಟು 102 ಬೈಟ್, ಅಷ್ಟೇ. ಮ್ಯಾಕ್ ವಿಳಾಸ ಅಂದರೆ ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಕಾರ್ಖಾನೆಯಲ್ಲೇ ಕೊಟ್ಟಿರುವ 12 ಅಂಕಿ ಅಕ್ಷರಗಳ ಗುರುತು.

ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ "ಬೇಲೂರು ಬೇಲೂರು ಬೇಲೂರು" ಅಂತ ಕೂಗುವುದು ಎಲ್ಲರ ಕಿವಿಗೂ ಬೀಳುತ್ತದೆ, ಬೇಲೂರಿಗೆ ಹೋಗುವವರು ಮಾತ್ರ ಎದ್ದು ಬರುತ್ತಾರೆ ಅಲ್ವಾ? ಇಲ್ಲಿಯೂ ಹಾಗೇ. ಪ್ಯಾಕೆಟ್ ಆ ನೆಟ್‌ವರ್ಕಿನಲ್ಲಿರುವ ಎಲ್ಲರಿಗೂ ಹೋಗುತ್ತದೆ. ಈ ರೀತಿ ಎಲ್ಲರಿಗೂ ಕಳಿಸುವುದನ್ನು ಬ್ರಾಡ್‌ಕಾಸ್ಟ್ ಅನ್ನುತ್ತಾರೆ. ಬ್ರಾಡ್‌ಕಾಸ್ಟ್ ಸಾಮಾನ್ಯವಾಗಿ ರೌಟರ್ ದಾಟಿ ಆಚೆ ಹೋಗೋದಿಲ್ಲ. ಈ ಒಂದು ಮಾತು ನೆನಪಿರಲಿ, ಮುಂದಿನ ಅರ್ಧ ತೊಂದರೆಗಳ ಮೂಲ ಇದೇ.

ಇನ್ನೊಂದು ವಿಷಯ. ಮ್ಯಾಜಿಕ್ ಪ್ಯಾಕೆಟ್‌ಗೆ ಉತ್ತರ ಅಂತ ಇಲ್ಲ. ಮೊಬೈಲ್ ಆ್ಯಪ್ "ಕಳಿಸಲಾಗಿದೆ" ಅಂತ ತೋರಿಸಿದರೆ ಅದು ಮೊಬೈಲಿನಿಂದ ಹೊರಟಿತು ಅಂತ ಮಾತ್ರ ಅರ್ಥ. ತಲುಪಿತು ಅಂತಲ್ಲ.

ಏನೇನು ಬೇಕು

ಪಿಸಿಗೆ ಲ್ಯಾನ್ ಕೇಬಲ್ ಬೇಕೇ ಬೇಕು. ವೈಫೈನಲ್ಲಿ ಎಬ್ಬಿಸುವ ವ್ಯವಸ್ಥೆ ಕೆಲವು ಕಾರ್ಡುಗಳಲ್ಲಿ ಇದೆ, ಆದರೆ ಅದು ಹೆಚ್ಚಾಗಿ ಸ್ಲೀಪ್‌ನಿಂದ ಎಬ್ಬಿಸಲು ಮಾತ್ರ. ಪೂರ್ತಿ ಆಫ್ ಆದ ಪಿಸಿಗೆ ಅದನ್ನು ನಂಬಿ ಕೂರಬೇಡಿ. ಯುಎಸ್‌ಬಿಗೆ ಸಿಕ್ಕಿಸುವ ಲ್ಯಾನ್ ಅಡಾಪ್ಟರ್ ಕೂಡ ಈ ಕೆಲಸಕ್ಕೆ ಸರಿಯಲ್ಲ. ಮದರ್‌ಬೋರ್ಡಿನಲ್ಲೇ ಇರುವ ಲ್ಯಾನ್ ಪೋರ್ಟ್ ಬಳಸಿ.

ಕೇಬಲ್ ಒಂದೇ ಎಳೆಯಲ್ಲಿ 100 ಮೀಟರ್ ದಾಟಬಾರದು. ಮನೆಯಲ್ಲಿ ರೌಟರ್, ಆಚೆ ಕಣದ ಪಕ್ಕ ಆಫೀಸು ಅಂತ ಇರುವವರು ಇದನ್ನು ಮೊದಲೇ ಅಳೆದು ನೋಡಿ. ಜಾಸ್ತಿ ದೂರ ಇದ್ದರೆ ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರಿಗೂ ಲ್ಯಾನ್ ಕೇಬಲ್ಲಿಗೂ ಸಂಬಂಧ ಬೆಸೆಯುವ ಸಣ್ಣ ಡಬ್ಬಿ) ಹಾಕಿ ಫೈಬರ್ ಎಳೆಸೋದು ಒಳ್ಳೆಯದು. ಬಯಲಿನಲ್ಲಿ ಹೋಗುವ ತಾಮ್ರದ ಕೇಬಲ್ ಸಿಡಿಲಿನ ಕಾಲದಲ್ಲಿ ಅಪಾಯ, ಫೈಬರಿಗೆ ಆ ಭಯ ಕಡಿಮೆ.

1. ಮೊದಲು ಗೋಡೆಯ ಸ್ವಿಚ್ ನೋಡಿ

ಇದನ್ನು ಓದಿ ನಗಬೇಡಿ. ನಮ್ಮ ಕಡೆ ಇದೇ ಮೊದಲ ಕಾರಣ. ಸಂಜೆ ತೋಟದ ಲೆಕ್ಕ ಬರೆಯುವ ರೈಟರು ಆಫೀಸಿಗೆ ಬೀಗ ಹಾಕುವಾಗ ಅಭ್ಯಾಸ ಬಲದಿಂದ ಗೋಡೆಯ ಸ್ವಿಚ್ ಆರಿಸಿ ಹೋಗುತ್ತಾರೆ. ಮನೆಯಲ್ಲಾದರೆ ಅಮ್ಮ ಆರಿಸುತ್ತಾರೆ. ಅವರ ತಪ್ಪೇನೂ ಇಲ್ಲ, ನಾವು ಹೇಳಿರೋದಿಲ್ಲ. ಸ್ವಿಚ್ ಆರಿದರೆ ಸ್ಟ್ಯಾಂಡ್‌ಬೈ ಕರೆಂಟ್ ಇಲ್ಲ, ಅದಿಲ್ಲದೆ ಜಗತ್ತಿನ ಯಾವ ಸೆಟ್ಟಿಂಗೂ ಪಿಸಿಯನ್ನು ಎಬ್ಬಿಸೋದಿಲ್ಲ. ಎಸ್‌ಎಂಪಿಎಸ್ ಹಿಂಭಾಗದ ಸಣ್ಣ ಸ್ವಿಚ್, ಎಕ್ಸ್‌ಟೆನ್ಷನ್ ಬೋರ್ಡಿನ ಸ್ವಿಚ್, ಯುಪಿಎಸ್ ಬಟನ್, ಇವಕ್ಕೂ ಇದೇ ಮಾತು. ರೌಟರಿನ ಸ್ವಿಚ್ಚೂ ಆನ್ ಇರಬೇಕು. ಫೈಬರ್ ಕನೆಕ್ಷನ್ ಆದರೆ ಗೋಡೆಗೆ ಹೊಡೆದಿರುವ ಫೈಬರ್ ಡಬ್ಬಿಗೂ ಕರೆಂಟ್ ಇರಬೇಕು. ಸ್ವಿಚ್ಚಿನ ಮೇಲೆ ಒಂದು ಚೀಟಿ ಅಂಟಿಸಿ: "ಆರಿಸಬೇಡಿ, ಗುಡುಗು ಬಂದರೆ ಮಾತ್ರ ಆರಿಸಿ."

ಪರೀಕ್ಷೆ ಹೀಗೆ: ಪಿಸಿಯನ್ನು ಶಟ್‌ಡೌನ್ ಮಾಡಿ. ಒಂದು ನಿಮಿಷ ಬಿಟ್ಟು ಹಿಂಭಾಗದಲ್ಲಿ ಲ್ಯಾನ್ ಪೋರ್ಟ್ ಹತ್ತಿರದ ಪುಟ್ಟ ದೀಪ ನೋಡಿ. ಅದು ಉರಿಯುತ್ತಿದ್ದರೆ ಅಥವಾ ಮಿನುಗುತ್ತಿದ್ದರೆ ಲ್ಯಾನ್ ಕಾರ್ಡಿಗೆ ಜೀವ ಇದೆ. ಪೋರ್ಟಿನಲ್ಲಿ ದೀಪವೇ ಇಲ್ಲದಿದ್ದರೆ ಕೇಬಲ್ಲಿನ ಇನ್ನೊಂದು ತುದಿಯಲ್ಲಿ, ರೌಟರಿನ ಅದೇ ಪೋರ್ಟಿನ ದೀಪ ನೋಡಿ. ಅದೂ ಪೂರ್ತಿ ಆರಿದ್ದರೆ ತೊಂದರೆ ಮುಂದಿನ ಮೂರು ಹಂತಗಳಲ್ಲಿದೆ, ಅವನ್ನು ಮುಗಿಸಿ ಇದೇ ಪರೀಕ್ಷೆ ಮತ್ತೆ ಮಾಡಿ. ರೌಟರ್, ಇಂಟರ್ನೆಟ್ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ.

2. ಬಯೋಸ್ ಸೆಟ್ಟಿಂಗ್

ಬಯೋಸ್ ಅಂದರೆ ವಿಂಡೋಸ್ ಶುರುವಾಗುವ ಮೊದಲೇ ಮದರ್‌ಬೋರ್ಡ್ ನಡೆಸುವ ಮೂಲ ಪ್ರೋಗ್ರಾಂ. ಪಿಸಿ ಆನ್ ಮಾಡಿದ ಕೂಡಲೇ ಒಂದು ಕೀ ಒತ್ತುತ್ತಾ ಹೋದರೆ ಅದು ತೆರೆಯುತ್ತದೆ. ಡೆಲ್ ಆದರೆ ಎಫ್2, ಎಚ್‌ಪಿ ಆದರೆ ಎಫ್10, ಲೆನೊವೊ ಆಫೀಸ್ ಮಾಡೆಲ್ ಆದರೆ ಎಫ್1, ಅಂಗಡಿಯಲ್ಲಿ ಜೋಡಿಸಿದ ಪಿಸಿ ಆದರೆ ಹೆಚ್ಚಾಗಿ ಡಿಲೀಟ್ ಕೀ.

ಒಳಗೆ ಎರಡು ಥರದ ಸೆಟ್ಟಿಂಗ್ ಹುಡುಕಬೇಕು. ಒಂದನ್ನು ಆನ್ ಮಾಡಬೇಕು, ಇನ್ನೊಂದನ್ನು ಆಫ್ ಮಾಡಬೇಕು. ಜನ ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟುಬಿಡುತ್ತಾರೆ, ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಆನ್ ಮಾಡಬೇಕಾದ್ದು ವೇಕ್ ಆನ್ ಲ್ಯಾನ್. ಎಲ್ಲ ಕಂಪನಿಗಳೂ ಇದೇ ಹೆಸರಿಡೋದಿಲ್ಲ. ಏಸಸ್ ಬೋರ್ಡುಗಳಲ್ಲಿ "ಪವರ್ ಆನ್ ಬೈ ಪಿಸಿಐ-ಇ" ಅಂತ, ಎಂಎಸ್‌ಐನಲ್ಲಿ "ರೆಸ್ಯೂಮ್ ಬೈ ಪಿಸಿಐ-ಇ ಡಿವೈಸ್" ಅಂತ ಇರುತ್ತದೆ. ಡೆಲ್‌ನಲ್ಲಿ "ಲ್ಯಾನ್ ಓನ್ಲಿ" ಆರಿಸಿ. "ಲ್ಯಾನ್ ವಿತ್ ಪಿಎಕ್ಸ್‌ಇ ಬೂಟ್" ಆರಿಸಬೇಡಿ. ಅದನ್ನು ಆರಿಸಿದರೆ ಪಿಸಿ ಏಳುತ್ತದೆ, ಆದರೆ ತನ್ನ ಡಿಸ್ಕ್ ಬಿಟ್ಟು ನೆಟ್‌ವರ್ಕಿನಲ್ಲಿ ವಿಂಡೋಸ್ ಹುಡುಕುತ್ತಾ ಕೂರುತ್ತದೆ. ಎಚ್‌ಪಿ ಆಫೀಸ್ ಮಾಡೆಲ್‌ಗಳಲ್ಲೂ ಹೀಗೇ, ಎದ್ದ ಮೇಲೆ ಎಲ್ಲಿಂದ ಬೂಟ್ ಆಗಬೇಕು ಅನ್ನುವ ಕಡೆ ಲೋಕಲ್ ಹಾರ್ಡ್ ಡ್ರೈವ್ ಇರಲಿ.

ಆಫ್ ಮಾಡಬೇಕಾದ್ದು ಕರೆಂಟ್ ಉಳಿಸುವ ಸೆಟ್ಟಿಂಗ್. ಏಸಸ್, ಗಿಗಾಬೈಟ್, ಎಂಎಸ್‌ಐಗಳಲ್ಲಿ ಇದರ ಹೆಸರು "ಇಆರ್‌ಪಿ". ಡೆಲ್‌ನಲ್ಲಿ "ಡೀಪ್ ಸ್ಲೀಪ್ ಕಂಟ್ರೋಲ್", ಎಚ್‌ಪಿಯಲ್ಲಿ "ಎಸ್5 ಮ್ಯಾಕ್ಸಿಮಮ್ ಪವರ್ ಸೇವಿಂಗ್ಸ್". ಯುರೋಪಿನಲ್ಲಿ 2013ರಿಂದ ಆಫ್ ಆದ ಯಂತ್ರ ಅರ್ಧ ವ್ಯಾಟ್‌ಗಿಂತ ಜಾಸ್ತಿ ಕರೆಂಟ್ ಎಳೆಯಬಾರದು ಅನ್ನುವ ನಿಯಮ ಇದೆ. ಅದಕ್ಕೆ ಹೊಂದಿಸಲು ಈ ಸೆಟ್ಟಿಂಗ್ ಲ್ಯಾನ್ ಕಾರ್ಡಿನ ಕರೆಂಟನ್ನೇ ಕಡಿದುಬಿಡುತ್ತದೆ. ಇದು ಆನ್ ಇದ್ದರೆ ವೇಕ್ ಆನ್ ಲ್ಯಾನ್ ಆನ್ ಇದ್ದೂ ಪ್ರಯೋಜನ ಇಲ್ಲ.

ಸೇವ್ ಮಾಡಿ ಹೊರಗೆ ಬನ್ನಿ. ಮಾರನೇ ದಿನ ನೋಡಿದರೆ ಸೆಟ್ಟಿಂಗ್ ಎಲ್ಲ ಮೊದಲಿನಂತೆ ಆಗಿದೆಯಾ? ಪಿಸಿಯ ಗಡಿಯಾರವೂ ಹಳೇ ತಾರೀಖು ತೋರಿಸುತ್ತಿದೆಯಾ? ಹಾಗಾದರೆ ಮದರ್‌ಬೋರ್ಡಿನ ಗುಂಡು ಬ್ಯಾಟರಿ ಮುಗಿದಿದೆ. ಹೆಚ್ಚಿನ ಬೋರ್ಡುಗಳಿಗೆ ಸಿಆರ್2032 ಬ್ಯಾಟರಿ ಆಗುತ್ತದೆ, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಸೆಕೆಂಡ್ ಹ್ಯಾಂಡ್ ಆಫೀಸ್ ಪಿಸಿ ತಂದವರು ಏನೂ ಯೋಚಿಸದೆ ಮೊದಲು ಅದನ್ನು ಬದಲಾಯಿಸಿಬಿಡಿ.

3. ವಿಂಡೋಸ್ ಒಳಗಿನ ಲ್ಯಾನ್ ಕಾರ್ಡ್

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗೆ ನಿಮ್ಮ ಲ್ಯಾನ್ ಕಾರ್ಡ್ ಇರುತ್ತದೆ, ಹೆಚ್ಚಾಗಿ ರಿಯಲ್‌ಟೆಕ್ ಅಥವಾ ಇಂಟೆಲ್. ಅದರ ಪ್ರಾಪರ್ಟೀಸ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್ ಅನ್ನೋ ಪುಟಕ್ಕೆ ಹೋಗಿ. ಅಲ್ಲಿ ಮೂರು ಚೌಕಗಳಿವೆ, ಮೂರಕ್ಕೂ ಟಿಕ್ ಹಾಕಿ. ಮೂರನೆಯದು ಮ್ಯಾಜಿಕ್ ಪ್ಯಾಕೆಟ್ ಮಾತ್ರ ಪಿಸಿಯನ್ನು ಎಬ್ಬಿಸಲಿ ಅನ್ನೋದು. ಅದನ್ನು ಬಿಟ್ಟರೆ ನೆಟ್‌ವರ್ಕಿನ ಬೇರೆ ಮಾಮೂಲಿ ಸಂದೇಶಕ್ಕೂ ಪಿಸಿ ಏಳುತ್ತದೆ. "ರಾತ್ರಿ ಎರಡು ಗಂಟೆಗೆ ಪಿಸಿ ತಾನೇ ಆನ್ ಆಗುತ್ತದೆ" ಅಂತ ದೂರುವವರು ಮೊದಲು ಈ ಟಿಕ್ ನೋಡಿ.

ಆಮೇಲೆ ಪಕ್ಕದ ಅಡ್ವಾನ್ಸ್ಡ್ ಪುಟ. ಇಲ್ಲಿ "ವೇಕ್ ಆನ್ ಮ್ಯಾಜಿಕ್ ಪ್ಯಾಕೆಟ್" ಎನೇಬಲ್ ಆಗಿರಲಿ. ರಿಯಲ್‌ಟೆಕ್ ಕಾರ್ಡಿಗೆ "ಶಟ್‌ಡೌನ್ ವೇಕ್ ಆನ್ ಲ್ಯಾನ್" ಅಂತ ಇನ್ನೊಂದು ಇರುತ್ತದೆ, ಅದನ್ನೂ ಎನೇಬಲ್ ಮಾಡಿ. ಸ್ಲೀಪ್‌ನಿಂದ ಏಳುತ್ತದೆ, ಶಟ್‌ಡೌನ್‌ನಿಂದ ಏಳೋದಿಲ್ಲ ಅನ್ನುವವರಲ್ಲಿ ಎಷ್ಟೋ ಜನರಿಗೆ ಇದೊಂದೇ ಸಾಕಾಗುತ್ತದೆ. "ಗ್ರೀನ್ ಈಥರ್ನೆಟ್", "ಎನರ್ಜಿ ಎಫಿಶಿಯೆಂಟ್ ಈಥರ್ನೆಟ್" ಅನ್ನುವ ಎರಡನ್ನು ಆಫ್ ಮಾಡಿ ನೋಡಿ.

ಈ ಆಯ್ಕೆಗಳು ಕಾಣಿಸದೇ ಇದ್ದರೆ ವಿಂಡೋಸ್ ತಾನಾಗಿ ಹಾಕಿಕೊಂಡ ಡ್ರೈವರ್ (ಲ್ಯಾನ್ ಕಾರ್ಡನ್ನು ನಡೆಸುವ ಪ್ರೋಗ್ರಾಂ) ಇರಬಹುದು. ಮದರ್‌ಬೋರ್ಡ್ ಕಂಪನಿಯ ಸೈಟಿನಿಂದ ಅದೇ ಮಾಡೆಲ್ಲಿನ ಡ್ರೈವರ್ ಇಳಿಸಿ ಹಾಕಿ. ದೊಡ್ಡ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಎಲ್ಲ ಟಿಕ್ ಮತ್ತೆ ಒಂದು ಸಲ ನೋಡಿಕೊಳ್ಳಿ, ಡ್ರೈವರ್ ಬದಲಾದರೆ ಇವು ಹಳೆಯ ಸ್ಥಿತಿಗೆ ಹೋಗಿರುತ್ತವೆ.

ಲಿನಕ್ಸ್ ಬಳಸುವವರಿಗೆ ಈಥ್‌ಟೂಲ್ ಅನ್ನೋ ಕಮಾಂಡ್ ಸಾಕು. ನಿಮ್ಮ ಲ್ಯಾನ್ ಕಾರ್ಡಿನ ಹೆಸರು ಕೊಟ್ಟು ಓಡಿಸಿದರೆ ಕೊನೆಯಲ್ಲಿ "ವೇಕ್-ಆನ್" ಮುಂದೆ ಒಂದು ಅಕ್ಷರ ಬರುತ್ತದೆ. ಜಿ ಅಂದರೆ ಮ್ಯಾಜಿಕ್ ಪ್ಯಾಕೆಟ್‌ಗೆ ತಯಾರು, ಡಿ ಅಂದರೆ ಬಂದ್. ಈಥ್‌ಟೂಲ್‌ನಿಂದ ಜಿ ಮಾಡಿದ್ದು ರೀಸ್ಟಾರ್ಟ್ ಆದ ಮೇಲೆ ಹೆಚ್ಚಾಗಿ ಉಳಿಯೋದಿಲ್ಲ, ಹಾಗಾಗಿ ನೆಟ್‌ವರ್ಕ್ ಮ್ಯಾನೇಜರ್‌ನಲ್ಲಿ ಆ ಕನೆಕ್ಷನ್ನಿನ ವೇಕ್ ಆನ್ ಲ್ಯಾನ್ ಅನ್ನು ಮ್ಯಾಜಿಕ್ ಅಂತ ಸೇವ್ ಮಾಡಿ.

4. ಶಟ್‌ಡೌನ್ ಅನ್ನುವುದು ಶಟ್‌ಡೌನ್ ಅಲ್ಲ

ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಒತ್ತಿದರೆ ಪಿಸಿ ಪೂರ್ತಿ ಆರೋದಿಲ್ಲ. ಮುಂದಿನ ಸಲ ಬೇಗ ಏಳಲಿ ಅಂತ ವಿಂಡೋಸ್‌ನ ಒಂದು ಭಾಗವನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಇದೇ ಫಾಸ್ಟ್ ಸ್ಟಾರ್ಟಪ್. ಹೀಗೆ ಮಲಗುವಾಗ ವಿಂಡೋಸ್ ಲ್ಯಾನ್ ಕಾರ್ಡನ್ನು ಕಾಯುವ ಸ್ಥಿತಿಯಲ್ಲಿ ಬಿಡೋದಿಲ್ಲ. ಮೈಕ್ರೋಸಾಫ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ: ವೇಕ್ ಆನ್ ಲ್ಯಾನ್‌ಗೆ ಬೆಂಬಲ ಇರೋದು ಸ್ಲೀಪ್‌ನಿಂದ ಮತ್ತು ನೀವಾಗಿ ಹೈಬರ್ನೇಟ್ ಮಾಡಿದಾಗ. ಶಟ್‌ಡೌನ್‌ನಿಂದ ಅಲ್ಲ. ಶಟ್‌ಡೌನ್ ಆದ ಪಿಸಿಯೂ ಎಷ್ಟೋ ಕಡೆ ಏಳುತ್ತದೆ ಅಂದರೆ ಅದು ಬಯೋಸ್ ಮತ್ತು ಲ್ಯಾನ್ ಡ್ರೈವರ್ ಕೃಪೆ.

ಆದ್ದರಿಂದ ಮಾಡಬೇಕಾದ್ದು ಎರಡು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್ ಏನು ಮಾಡಬೇಕು ಅನ್ನುವ ಪುಟದಲ್ಲಿ ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೆಯಿರಿ. ಅದು ಮಸುಕಾಗಿ ಕಂಡರೆ ಮೇಲಿರುವ "ಈಗ ಲಭ್ಯವಿಲ್ಲದ ಸೆಟ್ಟಿಂಗ್ ಬದಲಿಸಿ" ಅನ್ನುವ ಅರ್ಥದ ಸಾಲು ಒತ್ತಿ. ಎರಡನೆಯದು, ಅದೇ ಪುಟದಲ್ಲಿ ಹೈಬರ್ನೇಟ್‌ಗೆ ಟಿಕ್ ಹಾಕಿ. ನನ್ನ ಸಲಹೆ ಕೇಳಿದರೆ ದಿನನಿತ್ಯಕ್ಕೆ ಶಟ್‌ಡೌನ್ ಬಿಟ್ಟು ಹೈಬರ್ನೇಟ್ ಬಳಸಿ. ಸ್ಲೀಪ್‌ನಲ್ಲಿ ಎಲ್ಲವೂ ರ‍್ಯಾಮ್‌ನಲ್ಲಿ ಇರುತ್ತದೆ, ಕರೆಂಟ್ ಹೋದರೆ ಹೋಯಿತು. ಹೈಬರ್ನೇಟ್‌ನಲ್ಲಿ ಎಲ್ಲವೂ ಡಿಸ್ಕಿಗೆ ಬರೆದಿರುತ್ತದೆ. ಮಲೆನಾಡಿನ ಮಳೆಗಾಲಕ್ಕೆ ಇದೇ ಸರಿ.

5. ಅದೇ ಕೋಣೆಯಿಂದ ಎಬ್ಬಿಸಿ ನೋಡಿ

ಈಗ ಮ್ಯಾಕ್ ವಿಳಾಸ ಬೇಕು. ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಅಂತ ಬರೆದು, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಶ್ ಹಾಕಿ ಆಲ್ ಅಂತ ಬರೆದು ಎಂಟರ್ ಒತ್ತಿ. ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ ಈಥರ್ನೆಟ್ ಅಡಾಪ್ಟರ್ ಕೆಳಗಿನ ಫಿಸಿಕಲ್ ಅಡ್ರೆಸ್ ನಿಮಗೆ ಬೇಕಾದ್ದು. ಇಲ್ಲಿ ಎಡವುವವರು ಬಹಳ. ವೈಫೈ ಕಾರ್ಡಿನ ವಿಳಾಸ ಬರೆದುಕೊಳ್ಳುತ್ತಾರೆ, ಇಲ್ಲವೇ ವಿಪಿಎನ್ ಅಥವಾ ವರ್ಚುವಲ್ ಮಷೀನ್ ಸಾಫ್ಟ್‌ವೇರ್ ಸೃಷ್ಟಿಸಿದ ಸುಳ್ಳು ಅಡಾಪ್ಟರಿನ ವಿಳಾಸ. ಡಿಸ್ಕ್ರಿಪ್ಷನ್ ಸಾಲಿನಲ್ಲಿ ರಿಯಲ್‌ಟೆಕ್, ಇಂಟೆಲ್ ಥರದ ನಿಜವಾದ ಕಾರ್ಡಿನ ಹೆಸರು ಇದೆಯಾ ನೋಡಿಕೊಂಡು ಬರೆಯಿರಿ. ಸೊನ್ನೆಯನ್ನು ಓ ಅಂತ ಓದಬೇಡಿ. ಮ್ಯಾಕ್ ವಿಳಾಸದಲ್ಲಿ ಸೊನ್ನೆಯಿಂದ ಒಂಬತ್ತು ಅಂಕಿಗಳು, ಎ ಯಿಂದ ಎಫ್ ತನಕ ಅಕ್ಷರಗಳು ಮಾತ್ರ ಇರುತ್ತವೆ.

ಮೊಬೈಲಿನಲ್ಲಿ ಯಾವುದಾದರೂ ವೇಕ್ ಆನ್ ಲ್ಯಾನ್ ಆ್ಯಪ್ ಹಾಕಿ. ಮೊಬೈಲ್ ಡೇಟಾ ಆಫ್ ಮಾಡಿ, ಆ ಮನೆಯ ವೈಫೈಗೆ ಸೇರಿಸಿ. ಗೆಸ್ಟ್ ವೈಫೈ ಬೇಡ, ಅದು ಬೇರೆ ಯಂತ್ರಗಳನ್ನು ನೋಡಲು ಬಿಡೋದಿಲ್ಲ. ಆ್ಯಪ್ ಬ್ರಾಡ್‌ಕಾಸ್ಟ್ ವಿಳಾಸ ಕೇಳಿದರೆ, ನಿಮ್ಮ ಪಿಸಿಯ ಐಪಿ (ಅದೇ ಪಟ್ಟಿಯಲ್ಲಿರುವ ಐಪಿವಿ4 ಅಡ್ರೆಸ್) 192.168.1 ಅಂತ ಶುರುವಾಗಿದ್ದರೆ 192.168.1.255 ಕೊಡಿ. ಪೋರ್ಟ್ ನಂಬರ್ ಕೇಳಿದರೆ 9 ಇರಲಿ, 7 ಆದರೂ ನಡೆಯುತ್ತದೆ. ಲ್ಯಾನ್ ಕಾರ್ಡ್ ನೋಡೋದು ಒಳಗಿರುವ 16 ಸಲದ ಮ್ಯಾಕ್ ವಿಳಾಸವನ್ನು, ಪೋರ್ಟ್ ನಂಬರನ್ನಲ್ಲ.

ಮೊದಲು ಪಿಸಿಯನ್ನು ಸ್ಲೀಪ್‌ಗೆ ಹಾಕಿ ಎಬ್ಬಿಸಿ. ಎದ್ದರೆ ಹೈಬರ್ನೇಟ್. ಅದೂ ಆದರೆ ಶಟ್‌ಡೌನ್. ಎಲ್ಲಿ ನಿಂತಿತು ಅನ್ನೋದೇ ಉತ್ತರ ಹೇಳುತ್ತದೆ. ಸ್ಲೀಪ್‌ನಿಂದಲೇ ಏಳದಿದ್ದರೆ 3ನೇ ಹಂತ ಅಥವಾ ಮ್ಯಾಕ್ ವಿಳಾಸ ತಪ್ಪಿದೆ. ಸ್ಲೀಪ್‌ನಿಂದ ಎದ್ದು ಶಟ್‌ಡೌನ್‌ನಿಂದ ಏಳದಿದ್ದರೆ 2, 3 ಮತ್ತು 4ನೇ ಹಂತ ಮತ್ತೆ ನೋಡಿ.

ಏನು ಮಾಡಿದರೂ ಏಳದಿದ್ದರೆ ಪ್ಯಾಕೆಟ್ ಬರುತ್ತಿದೆಯಾ ಅಂತಲೇ ನೋಡಿಬಿಡಿ. ಪಿಸಿ ಆನ್ ಇರುವಾಗ ವೈರ್‌ಶಾರ್ಕ್ ಅನ್ನೋ ಉಚಿತ ಸಾಫ್ಟ್‌ವೇರ್ ತೆರೆದು ಲ್ಯಾನ್ ಕಾರ್ಡ್ ಆರಿಸಿ, ಫಿಲ್ಟರ್ ಜಾಗದಲ್ಲಿ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಡಬ್ಲ್ಯು, ಓ, ಎಲ್ ಅಂತ ಮೂರು ಅಕ್ಷರ ಹಾಕಿ. ಮೊಬೈಲಿನಿಂದ ಕಳಿಸಿ. ಒಂದು ಸಾಲು ಕಂಡರೆ ಪ್ಯಾಕೆಟ್ ಬಂದಿದೆ, ದೋಷ ಪಿಸಿಯೊಳಗೆ. ಕಾಣದಿದ್ದರೆ ದೋಷ ದಾರಿಯಲ್ಲಿ. ಈ ಒಂದು ಪರೀಕ್ಷೆ ಎಷ್ಟೋ ಗಂಟೆಗಳ ಊಹೆಯನ್ನು ಉಳಿಸುತ್ತದೆ.

6. ಮನೆಯೊಳಗೆ ಎರಡು ರೌಟರ್ ಇದ್ದರೆ

ದೊಡ್ಡ ಮನೆ, ದಪ್ಪ ಗೋಡೆ, ವೈಫೈ ಸಿಗೋದಿಲ್ಲ ಅಂತ ಇನ್ನೊಂದು ರೌಟರ್ ಹಾಕಿಸಿರುತ್ತೀರಿ. ಆ ಎರಡನೇ ರೌಟರಿನ ವ್ಯಾನ್ ಪೋರ್ಟಿಗೆ (ಹೊರಗಿನ ಇಂಟರ್ನೆಟ್ ಸಿಕ್ಕಿಸುವ ತೂತು) ಕೇಬಲ್ ಸಿಕ್ಕಿಸಿದ್ದರೆ ಅದು ತನ್ನದೇ ಬೇರೆ ನೆಟ್‌ವರ್ಕ್ ಕಟ್ಟಿಕೊಂಡಿರುತ್ತದೆ. ಒಂದು ಕಡೆ ಐಪಿ 192.168.1 ಅಂತ, ಇನ್ನೊಂದು ಕಡೆ 192.168.0 ಅಂತ ಶುರುವಾಗಿದ್ದರೆ ಇದೇ ಸ್ಥಿತಿ. ಬ್ರಾಡ್‌ಕಾಸ್ಟ್ ಆ ಗಡಿ ದಾಟೋದಿಲ್ಲ. ಎರಡನೇ ರೌಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಬದಲಿಸಿ, ಆಗ ಇಡೀ ಮನೆ ಒಂದೇ ನೆಟ್‌ವರ್ಕ್ ಆಗುತ್ತದೆ. ಒಂದು ಕೇಬಲ್ಲನ್ನು ಹಲವು ಯಂತ್ರಗಳಿಗೆ ಹಂಚುವ ಸಾಧಾರಣ ನೆಟ್‌ವರ್ಕ್ ಸ್ವಿಚ್ ಇದ್ದರೆ ಏನೂ ತೊಂದರೆ ಇಲ್ಲ.

7. ಕರೆಂಟ್ ಹೋಗಿ ಬಂದ ಮೇಲೆ ಏಳದಿದ್ದರೆ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಆರಿದ್ರಾ ಮಳೆ ಹಿಡಿಯಿತು ಅಂದರೆ ಮರ ಬಿದ್ದು ಲೈನ್ ಹೋಗೋದು ನಮಗೆ ಹೊಸದಲ್ಲ. ನಿನ್ನೆ ತನಕ ಚೆನ್ನಾಗಿ ಏಳುತ್ತಿದ್ದ ಪಿಸಿ, ರಾತ್ರಿ ಕರೆಂಟ್ ಹೋಗಿ ಬಂದ ಮೇಲೆ ಏಳೋದೇ ಇಲ್ಲ. ಮನೆಯವರಿಗೆ ಫೋನ್ ಮಾಡಿ ಬಟನ್ ಒತ್ತಿಸಿದರೆ ಮತ್ತೆ ಎಲ್ಲ ಸರಿ. ಯಾಕೆ ಹೀಗೆ?

ಲ್ಯಾನ್ ಕಾರ್ಡಿಗೆ "ಮ್ಯಾಜಿಕ್ ಪ್ಯಾಕೆಟ್‌ಗೆ ಕಾದಿರು" ಅಂತ ಹೇಳೋದು ಹೆಚ್ಚಾಗಿ ವಿಂಡೋಸ್ ಡ್ರೈವರ್, ಅದೂ ಪಿಸಿ ಮಲಗುವ ಕ್ಷಣದಲ್ಲಿ. ಸ್ಟ್ಯಾಂಡ್‌ಬೈ ಕರೆಂಟೂ ಹೋದರೆ ಆ ಆದೇಶ ಅಳಿಸಿಹೋಗುತ್ತದೆ. ಕರೆಂಟ್ ಬಂದಾಗ ಕಾರ್ಡಿಗೆ ಜೀವ ಬಂದರೂ ಕಾಯಬೇಕು ಅನ್ನೋದು ಅದಕ್ಕೆ ಗೊತ್ತಿರೋದಿಲ್ಲ. ಪಿಸಿ ಒಮ್ಮೆ ಪೂರ್ತಿ ಎದ್ದು ಮತ್ತೆ ಮಲಗಬೇಕು. ಎಲ್ಲ ಮದರ್‌ಬೋರ್ಡೂ ಹೀಗಲ್ಲ, ಆದರೆ ಎಷ್ಟೋ ಬೋರ್ಡುಗಳು ಹೀಗೇ. ನಿಮ್ಮದು ಯಾವ ಥರ ಅಂತ ತಿಳಿಯಲು ಪಿಸಿ ಆಫ್ ಮಾಡಿ, ಗೋಡೆ ಸ್ವಿಚ್ ಆರಿಸಿ, ಒಂದು ನಿಮಿಷ ಬಿಟ್ಟು ಸ್ವಿಚ್ ಹಾಕಿ, ಮೊಬೈಲಿನಿಂದ ಎಬ್ಬಿಸಿ ನೋಡಿ.

ಏಳದಿದ್ದರೆ ಪರಿಹಾರ ಬಯೋಸ್‌ನಲ್ಲಿದೆ. "ರಿಸ್ಟೋರ್ ಆನ್ ಎಸಿ ಪವರ್ ಲಾಸ್" ಅಥವಾ "ಎಸಿ ರಿಕವರಿ" ಅಂತ ಇರುತ್ತದೆ, ಅದನ್ನು ಪವರ್ ಆನ್‌ಗೆ ಇಡಿ. ಕರೆಂಟ್ ಬಂದ ಕೂಡಲೇ ಪಿಸಿ ತಾನೇ ಏಳುತ್ತದೆ. ಎದ್ದದ್ದು ಸುಮ್ನೆ ಓಡುತ್ತಾ ಇರಬಾರದು ಅಂದರೆ ಪವರ್ ಆಪ್ಷನ್ಸ್‌ನಲ್ಲಿ 30 ನಿಮಿಷ ಯಾರೂ ಮುಟ್ಟದಿದ್ದರೆ ಹೈಬರ್ನೇಟ್ ಆಗಲಿ ಅಂತ ಇಡಿ. ಕರೆಂಟ್ ಬಂತು, ಪಿಸಿ ಎದ್ದಿತು, ಅರ್ಧ ಗಂಟೆ ಬಿಟ್ಟು ತಾನೇ ಮಲಗಿತು, ಈ ಸಲ ಲ್ಯಾನ್ ಕಾರ್ಡ್ ಕಾಯುತ್ತಿರುತ್ತದೆ. ಈ ಜೋಡಿ ಸೆಟ್ಟಿಂಗ್ ಮಾಡಿಕೊಂಡರೆ ಮಳೆಗಾಲದ ಮುಕ್ಕಾಲು ತಲೆನೋವು ಕಳೆಯುತ್ತದೆ.

ಆದರೆ ಗಂಟೆಗೆ ನಾಲ್ಕು ಸಲ ಕರೆಂಟ್ ಹೋಗಿ ಬರುವ ಊರಾದರೆ ಪಿಸಿಯೂ ಅಷ್ಟೇ ಸಲ ಅರ್ಧಕ್ಕೆ ಎದ್ದು ಬೀಳುತ್ತದೆ, ಡಿಸ್ಕಿಗೂ ಟ್ಯಾಲಿ ಡೇಟಾಕ್ಕೂ ಒಳ್ಳೆಯದಲ್ಲ. ಅಂಥ ಕಡೆ ಯುಪಿಎಸ್ ಇಲ್ಲದೆ ಇದನ್ನು ಮಾಡಬೇಡಿ.

ಗುಡುಗು ಸಿಡಿಲಿನ ವಿಷಯದಲ್ಲಿ ರಾಜಿ ಬೇಡ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಮನೆಯವರು ಪ್ಲಗ್ಗೂ ಲ್ಯಾನ್ ಕೇಬಲ್ಲೂ ಕಿತ್ತಿಟ್ಟರೆ ಅವರು ಮಾಡಿದ್ದೇ ಸರಿ. ಆ ಹೊತ್ತಿಗೆ ನಿಮ್ಮ ಪಿಸಿ ಏಳೋದಿಲ್ಲ, ಇರಲಿ.

8. ಈಗ ಬೆಂಗಳೂರಿನಿಂದ

ಮೇಲಿನ ಎಲ್ಲ ಪಾಸಾದ ಮೇಲೆ ಮಾತ್ರ ಇಲ್ಲಿಗೆ ಬನ್ನಿ. ಹೊರಗಿನಿಂದ ಪ್ಯಾಕೆಟ್ ಕಳಿಸಲು ಹಳೆಯ ದಾರಿ ಪೋರ್ಟ್ ಫಾರ್ವರ್ಡಿಂಗ್, ಅಂದರೆ ಹೊರಗಿನಿಂದ ಇಂಥ ಪೋರ್ಟಿಗೆ ಬಂದದ್ದನ್ನು ಒಳಗಿನ ಇಂಥ ಪಿಸಿಗೆ ಕಳಿಸು ಅಂತ ರೌಟರಿಗೆ ಹೇಳುವುದು. ಅದರಲ್ಲಿ ಎರಡು ಅಡ್ಡಿ ಇವೆ.

ಮೊದಲನೆಯದು ಸಿಜಿನ್ಯಾಟ್. ಐಪಿವಿ4 ವಿಳಾಸಗಳು ಸಾಲದ್ದಕ್ಕೆ ಇಂಟರ್ನೆಟ್ ಕಂಪನಿಗಳು ಒಂದೇ ಹೊರಗಿನ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತವೆ. ಆಗ ನಿಮ್ಮ ಮನೆಗೆ ಹೊರಗಿನಿಂದ ನೇರ ಬಾಗಿಲೇ ಇರೋದಿಲ್ಲ. ರೌಟರಿನ ಪುಟದಲ್ಲಿ ವ್ಯಾನ್ ಐಪಿ ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾಗಿದ್ದರೆ, ಅಥವಾ 10 ಅಂತ ಶುರುವಾಗಿದ್ದರೆ ನೀವು ಇದರೊಳಗಿದ್ದೀರಿ. ಬ್ರೌಸರಿನಲ್ಲಿ "ನನ್ನ ಐಪಿ ಏನು" ಅಂತ ಹುಡುಕಿದಾಗ ಬರುವ ಐಪಿವಿ4 ನಂಬರಿಗೂ ವ್ಯಾನ್ ಐಪಿಗೂ ತಾಳೆ ಆಗದಿದ್ದರೂ ಅದೇ ಅರ್ಥ. ಇಲ್ಲಿ ಪೋರ್ಟ್ ಫಾರ್ವರ್ಡಿಂಗ್ ಎಷ್ಟು ಮಾಡಿದರೂ ನೀರಿನಲ್ಲಿ ಹೋಮ.

ಎರಡನೆಯದು ಇನ್ನೂ ಕಾಡುವಂಥದ್ದು. ಪಿಸಿ ಆಫ್ ಮಾಡಿದ ಐದು ನಿಮಿಷದೊಳಗೆ ಕಳಿಸಿದರೆ ಏಳುತ್ತದೆ, ಒಂದು ಗಂಟೆ ಬಿಟ್ಟು ಕಳಿಸಿದರೆ ಏಳೋದಿಲ್ಲ. ಎಷ್ಟೋ ಜನ ಇದನ್ನು ಪಿಸಿಯ ದೋಷ ಅಂದುಕೊಳ್ಳುತ್ತಾರೆ, ಅಲ್ಲ. ರೌಟರ್ ತನ್ನ ಬಳಿ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ, ಯಾವ ಐಪಿ ಯಾವ ಮ್ಯಾಕ್ ವಿಳಾಸದ್ದು ಅಂತ. ಅದರ ಹೆಸರು ಎಆರ್‌ಪಿ ಪಟ್ಟಿ. ಆಫ್ ಆದ ಪಿಸಿ ಉತ್ತರ ಕೊಡದ ಕಾರಣ ಸ್ವಲ್ಪ ಹೊತ್ತಿನಲ್ಲಿ ಅದರ ಸಾಲು ಅಳಿಸಿಹೋಗುತ್ತದೆ, ಆಮೇಲೆ ಬಂದ ಪ್ಯಾಕೆಟನ್ನು ಎಲ್ಲಿಗೆ ಕೊಡಬೇಕು ಅಂತ ರೌಟರಿಗೆ ಗೊತ್ತಾಗದೆ ಬಿಸಾಡುತ್ತದೆ. ಕೆಲವು ರೌಟರುಗಳಲ್ಲಿ "ಐಪಿ ಆ್ಯಂಡ್ ಮ್ಯಾಕ್ ಬೈಂಡಿಂಗ್" ಅಂತ ಇರುತ್ತದೆ, ಅಲ್ಲಿ ನಿಮ್ಮ ಪಿಸಿಯ ಜೋಡಿಯನ್ನು ಕಾಯಂ ಬರೆದಿಟ್ಟರೆ ಸರಿಹೋಗುತ್ತದೆ. ಡಿಎಚ್‌ಸಿಪಿ ರಿಸರ್ವೇಷನ್ ಇದಲ್ಲ. ಅದು ಪಿಸಿಗೆ ಒಂದೇ ಐಪಿ ಸಿಗುವಂತೆ ಮಾಡುತ್ತದೆ ಅಷ್ಟೇ, ಎಆರ್‌ಪಿ ಪಟ್ಟಿಯನ್ನು ಹಿಡಿದಿಡೋದಿಲ್ಲ.

ಈ ಎರಡೂ ಅಡ್ಡಿಗಳಿಗೆ ಒಂದೇ ಮದ್ದು ಇದೆ, ನಾನು ಎಲ್ಲರಿಗೂ ಹೇಳೋದು ಅದನ್ನೇ. ಮನೆಯೊಳಗೆ ಸದಾ ಆನ್ ಇರುವ ಒಂದು ಸಣ್ಣ ಯಂತ್ರ ಇಡಿ. ರಾಸ್‌ಬೆರಿ ಪೈ ಅನ್ನೋ ಅಂಗೈಯಗಲದ ಕಂಪ್ಯೂಟರ್ ಆಗಬಹುದು, ಓಪನ್‌ಡಬ್ಲ್ಯುಆರ್‌ಟಿ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿದ ರೌಟರ್ ಆಗಬಹುದು. ಅದರಲ್ಲಿ ಟೇಲ್‌ಸ್ಕೇಲ್ ಥರದ ವಿಪಿಎನ್ ಹಾಕಿ. ವಿಪಿಎನ್ ಅಂದರೆ ಇಂಟರ್ನೆಟ್ ಮೇಲೆ ನಿಮ್ಮದೇ ಖಾಸಗಿ ದಾರಿ. ಟೇಲ್‌ಸ್ಕೇಲ್ ಸಿಜಿನ್ಯಾಟ್ ಇದ್ದರೂ ನಡೆಯುತ್ತದೆ. ಬೆಂಗಳೂರಿನಿಂದ ಆ ಸಣ್ಣ ಯಂತ್ರಕ್ಕೆ ಲಾಗಿನ್ ಆಗಿ, ಅದರೊಳಗಿನಿಂದಲೇ ವೇಕ್ ಆನ್ ಲ್ಯಾನ್ ಕಮಾಂಡ್ ಓಡಿಸಿ. ಏಸಸ್‌ನ ಹಲವು ರೌಟರುಗಳಲ್ಲಿ ಮತ್ತು ಮೈಕ್ರೋಟಿಕ್‌ನಲ್ಲಿ ಎಬ್ಬಿಸುವ ಸೌಲಭ್ಯ ರೌಟರಿನಲ್ಲೇ ಇದೆ, ಅಂಥದ್ದಿದ್ದರೆ ಬೇರೆ ಯಂತ್ರವೂ ಬೇಡ.

ಗಮನಿಸಿ: ಮಲಗಿರುವ ಪಿಸಿಯಲ್ಲೇ ಟೇಲ್‌ಸ್ಕೇಲ್ ಹಾಕಿ, ಮೊಬೈಲಿನಿಂದ ಅದರ ಟೇಲ್‌ಸ್ಕೇಲ್ ವಿಳಾಸಕ್ಕೆ ಮ್ಯಾಜಿಕ್ ಪ್ಯಾಕೆಟ್ ಕಳಿಸಿದರೆ ಆಗೋದಿಲ್ಲ. ಮಲಗಿರುವ ಪಿಸಿಯಲ್ಲಿ ಟೇಲ್‌ಸ್ಕೇಲ್ ಓಡುತ್ತಿರೋದಿಲ್ಲ, ಜೊತೆಗೆ ಟೇಲ್‌ಸ್ಕೇಲ್ ಬ್ರಾಡ್‌ಕಾಸ್ಟ್ ಸಾಗಿಸೋದೂ ಇಲ್ಲ. ಕೂಗು ಮನೆಯೊಳಗಿಂದಲೇ ಹೊರಡಬೇಕು.

ರೌಟರ್ ಮತ್ತು ಆ ಸಣ್ಣ ಯಂತ್ರಕ್ಕೆ ಒಂದು ಚಿಕ್ಕ ರೌಟರ್ ಯುಪಿಎಸ್ ಹಾಕಿಬಿಡಿ. ಹಳೇ ಆಂಡ್ರಾಯ್ಡ್ ಮೊಬೈಲನ್ನು ಈ ಕೆಲಸಕ್ಕೆ ಬಳಸಬಹುದಾ ಅಂತ ಕೇಳುತ್ತಾರೆ. ಬಳಸಬಹುದು, ಆದರೆ ವರ್ಷಗಟ್ಟಲೆ ಚಾರ್ಜಿನಲ್ಲೇ ಇದ್ದರೆ ಬ್ಯಾಟರಿ ಉಬ್ಬುತ್ತದೆ. ಬೀಗ ಹಾಕಿದ ಆಫೀಸಿನಲ್ಲಿ ಅದನ್ನು ಇಡಬೇಡಿ.

9. ಎದ್ದ ಮೇಲೆ

ಪಿಸಿ ಎದ್ದಿತು, ಎರಡು ನಿಮಿಷಕ್ಕೆ ಮತ್ತೆ ಮಲಗಿತು ಅಂತ ಹಲವರು ಬರೆಯುತ್ತಾರೆ. ಕೀಬೋರ್ಡ್ ಮುಟ್ಟದೆ ಎದ್ದ ಪಿಸಿಗೆ ವಿಂಡೋಸ್ ಬೇರೆಯೇ ಗಡುವು ಇಟ್ಟಿದೆ, ಅದು ಮಾಮೂಲಿಯಾಗಿ 2 ನಿಮಿಷ. ಅಷ್ಟರೊಳಗೆ ರಿಮೋಟ್ ಆಗಿ ಒಳಗೆ ಹೋಗಿ ಕೆಲಸ ಶುರು ಮಾಡಿ. ಸ್ಲೀಪ್ ಸಮಯ ಎಷ್ಟೇ ಬದಲಿಸಿದರೂ ಇದು ಬದಲಾಗೋದಿಲ್ಲ, ಯಾಕೆಂದರೆ ಆ ಗಡುವಿನ ಸೆಟ್ಟಿಂಗ್ ಪವರ್ ಆಪ್ಷನ್ಸ್‌ನಲ್ಲಿ ಕಾಣದಂತೆ ಅಡಗಿಸಿಟ್ಟಿದ್ದಾರೆ.

ವಿಂಡೋಸ್ ಹೋಮ್‌ನಲ್ಲಿ ಹೊರಗಿನಿಂದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಒಳಗೆ ಬರಲು ಆಗೋದಿಲ್ಲ, ಅದಕ್ಕೆ ಪ್ರೊ ಬೇಕು. ಹೋಮ್ ಇದ್ದವರು ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಅಥವಾ ರಸ್ಟ್‌ಡೆಸ್ಕ್ ಬಳಸಿ, ಯಾರೂ ಎದುರಿಗಿಲ್ಲದಾಗಲೂ ಒಳಗೆ ಬಿಡುವಂತೆ ಮೊದಲೇ ಪಾಸ್‌ವರ್ಡ್ ಇಟ್ಟು ಸೆಟ್ ಮಾಡಿ. ಬಯೋಸ್‌ಗೆ ಪವರ್ ಆನ್ ಪಾಸ್‌ವರ್ಡ್ ಹಾಕಿದ್ದರೆ, ಅಥವಾ ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಶುರುವಿಗೇ ಪಿನ್ ಕೇಳುವಂತಿದ್ದರೆ, ಪಿಸಿ ಅಲ್ಲೇ ನಿಂತು ಕಾಯುತ್ತದೆ. ಅದನ್ನು ದೂರದಿಂದ ಒತ್ತಲು ಆಗೋದಿಲ್ಲ.

ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟನ್ನು ದಯವಿಟ್ಟು ಇಂಟರ್ನೆಟ್‌ಗೆ ತೆರೆದಿಡಬೇಡಿ. ಮ್ಯಾಜಿಕ್ ಪ್ಯಾಕೆಟ್ ಬೇರೆ ಯಾರಾದರೂ ಕಳಿಸಿದರೆ ಪಿಸಿ ಆನ್ ಆಗುತ್ತದೆ, ಅಷ್ಟೇ. ಈ ಪೋರ್ಟ್ ತೆರೆದಿದ್ದರೆ ಪಾಸ್‌ವರ್ಡ್ ಊಹಿಸುವ ಕಳ್ಳರು ಹಗಲು ರಾತ್ರಿ ಬಡಿಯುತ್ತಾರೆ, ಒಳಗೆ ಬಂದರೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುತ್ತಾರೆ. ವರ್ಷಗಳ ತೋಟದ ಲೆಕ್ಕ ಅದರಲ್ಲಿದೆ. ವಿಪಿಎನ್ ಒಳಗಿನಿಂದ ಮಾತ್ರ ಹೋಗಿ.

ಏನು ಮಾಡಿದರೂ ಆಗದ ಪಿಸಿಗೆ

ಕೆಲವು ಹಳೇ ಬೋರ್ಡುಗಳಿಗೆ ಇದು ಒಗ್ಗೋದೇ ಇಲ್ಲ. ಅದರ ಹಿಂದೆ ವಾರಗಟ್ಟಲೆ ಕೂರಬೇಡಿ. ಬಯೋಸ್‌ನಲ್ಲಿ "ಪವರ್ ಆನ್ ಬೈ ಆರ್‌ಟಿಸಿ" ಅಥವಾ "ಆಟೋ ಆನ್ ಟೈಮ್" ನೋಡಿ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಏಳು ಅಂತ ಅಲ್ಲಿ ಇಡಬಹುದು, ಕೆಲಸ ಇಲ್ಲದ ದಿನ ಅರ್ಧ ಗಂಟೆಗೆ ತಾನೇ ಹೈಬರ್ನೇಟ್ ಆಗುತ್ತದೆ. ಇನ್ನೊಂದು ದಾರಿ ಸ್ಮಾರ್ಟ್ ಪ್ಲಗ್. ಬಯೋಸ್‌ನಲ್ಲಿ ಕರೆಂಟ್ ಬಂದ ಕೂಡಲೇ ಆನ್ ಆಗು ಅಂತ ಇಟ್ಟು, ಮೊಬೈಲಿನಿಂದ ಪ್ಲಗ್ ಆರಿಸಿ, ಹತ್ತು ಸೆಕೆಂಡ್ ಬಿಟ್ಟು ಹಾಕಿದರೆ ಪಿಸಿ ಏಳುತ್ತದೆ. ಪ್ಲಗ್ ಆರಿಸುವ ಮೊದಲು ಪಿಸಿ ನಿಜವಾಗಿ ಆಫ್ ಆಗಿದೆಯಾ ಅಂತ ನೋಡಿಕೊಳ್ಳಿ. ಎಷ್ಟು ವ್ಯಾಟ್ ಎಳೆಯುತ್ತಿದೆ ಅಂತ ತೋರಿಸುವ ಪ್ಲಗ್ ತಗೊಂಡರೆ ಅದನ್ನು ಬೆಂಗಳೂರಿನಿಂದಲೇ ನೋಡಬಹುದು.